ಬಿಡದ ತಲೆಸುತ್ತು: ಪಿತ್ತವೊಂದೇ ಕಾರಣವಲ್ಲ

ಮಲೆನಾಡಿನ ಮನೆಗಳಲ್ಲಿ ಯಾರಿಗಾದರೂ ತಲೆಸುತ್ತು ಬಂದರೆ ಮೊದಲು ಕೇಳಿಬರುವ ಮಾತು ‘ಪಿತ್ತ’. ಒಂದು ಲೋಟ ಲಿಂಬೆಹಣ್ಣಿನ ಪಾನಕ ಕುಡಿದು ಅರ್ಧ ಗಂಟೆ ಮಲಗಿದರೆ ಅದು ಇಳಿಯುವುದೂ ಉಂಟು. ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಮರುಕಳಿಸುವ ತಲೆಸುತ್ತಿಗೆ ಈ ಒಂದು ಹೆಸರು ಸಾಲದು. ತಲೆಸುತ್ತು ತಾನೇ ಒಂದು ರೋಗವಲ್ಲ. ದೇಹದಲ್ಲಿ ಬೇರೆಲ್ಲೋ ಇರುವ ತೊಂದರೆಯ ಸೂಚನೆ. ಆದುದರಿಂದ ವೈದ್ಯರ ಮುಂದೆ ‘ತಲೆ ತಿರುಗುತ್ತದೆ’ ಎಂದಷ್ಟೇ ಹೇಳದೆ, ಅದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಆಗ ಏನು ಮಾಡುತ್ತಿದ್ದುದು ಎಂಬುದನ್ನು ಬಿಡಿಸಿ ಹೇಳಬೇಕು. ಕಾರಣದ ಅರ್ಧ ಸುಳಿವು ಅಲ್ಲಿಯೇ ಇರುತ್ತದೆ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದತ್ತ ಕತ್ತೆತ್ತಿದಾಗ ಮನೆಯೇ ಗರಗರನೆ ಸುತ್ತಿ, ಒಂದು ನಿಮಿಷದೊಳಗೆ ನಿಂತುಬಿಡುವ ಬಗೆ ಹೆಚ್ಚಾಗಿ ಒಳಕಿವಿಯದು. ಸಮತೋಲವನ್ನು ಅರಿಯಲು ಅಲ್ಲಿ ಸುಣ್ಣದ ಅತಿಸೂಕ್ಷ್ಮ ಹರಳುಗಳಿವೆ. ಅವು ಜಾರಿ, ದ್ರವ ತುಂಬಿದ ಬಾಗಿದ ನಾಳಗಳನ್ನು ಹೊಕ್ಕರೆ, ತಲೆ ನಿಂತ ಮೇಲೂ ತಿರುಗುತ್ತಿದೆಯೆಂಬ ಸುಳ್ಳು ಸುದ್ದಿ ಮಿದುಳಿಗೆ ಮುಟ್ಟುತ್ತದೆ. ತಲೆಯನ್ನು ಗೊತ್ತಾದ ಕ್ರಮದಲ್ಲಿ ಹೊರಳಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ಮರಳಿಸುವ ವಿಧಾನವನ್ನು ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದರು. ಬಲ್ಲ ವೈದ್ಯರಿಗೆ ಇದು ಕೆಲವೇ ನಿಮಿಷಗಳ ಕೆಲಸ. ಹೀಗಿದ್ದೂ ಹಳೆಯ ಚೀಟಿ ಹಿಡಿದು ಸಿನ್ನರಿಜಿನ್, ಪ್ರೋಕ್ಲೋರ್‌ಪೆರಜಿನ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ದೀರ್ಘಕಾಲ ಸೇವಿಸಿದರೆ ಇವು, ವಿಶೇಷವಾಗಿ ವೃದ್ಧರಲ್ಲಿ, ಕೈನಡುಕವನ್ನೂ ನಡಿಗೆಯ ಬಿಗಿತವನ್ನೂ ತರಬಲ್ಲವು.

ಸುತ್ತಿದಂತಾಗದೆ ತಲೆ ಹಗುರಾಗಿ, ಏರು ಹತ್ತುವಾಗ ಏದುಸಿರು, ಎದೆಬಡಿತ ಕಾಣಿಸಿದರೆ ರಕ್ತಹೀನತೆಯನ್ನು ಶಂಕಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 47.8ರಷ್ಟು ಮಂದಿ ರಕ್ತಹೀನರು. ಎರಡರಲ್ಲಿ ಹೆಚ್ಚುಕಡಿಮೆ ಒಬ್ಬರು! ಗುಡ್ಡಗಾಡಿನ ಬದುಕೂ ಇಲ್ಲಿ ಸೇರಿಕೊಳ್ಳುತ್ತದೆ. ತೋಟದ ನೆರಳಿನ ತೇವದ ಮಣ್ಣು ಕೊಕ್ಕೆಹುಳುವಿನ ಮರಿಗಳಿಗೆ ಹೇಳಿಮಾಡಿಸಿದ ನೆಲೆ. ಬಯಲು ಮಲವಿಸರ್ಜನೆಯಿಂದ ಮಣ್ಣು ಸೇರಿದ ಮೊಟ್ಟೆ ಒಡೆದು, ಮರಿಗಳು ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೊಕ್ಕು, ಕಡೆಗೆ ಕರುಳನ್ನು ಕಚ್ಚಿಕೊಂಡು ರಕ್ತ ಹೀರುತ್ತವೆ. ಹುಳುವನ್ನು ಬಿಟ್ಟು ಕಬ್ಬಿಣಾಂಶದ ಮಾತ್ರೆಯನ್ನಷ್ಟೇ ಕೊಡುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಊಟದೊಡನೆ ಕುಡಿಯುವ ಕಾಫಿ, ಚಹಾಗಳೂ ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ದಕ್ಕಗೊಡವು. ಕಾಫಿ ಬೆಳೆಯುವ ನಾಡಿಗೆ ಇದು ರುಚಿಸುವ ಮಾತಲ್ಲ. ಒಂದು ಗಂಟೆಯ ಅಂತರವಾದರೂ ಇರಲಿ.

ಎದ್ದು ನಿಂತೊಡನೆ ಮಾತ್ರ ಕಣ್ಣು ಕತ್ತಲೆಗಟ್ಟುವವರ ರಕ್ತದೊತ್ತಡವನ್ನು ಮಲಗಿದಾಗ ಒಮ್ಮೆ, ನಿಂತ 3 ನಿಮಿಷದೊಳಗೆ ಇನ್ನೊಮ್ಮೆ ಅಳೆಯಬೇಕು. ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಕಾರಣ ನೀರಿನ ಕೊರತೆಯಿರಬಹುದು, ರಕ್ತದೊತ್ತಡದ ಮಾತ್ರೆಯೇ ಹೆಚ್ಚಾಗಿರಬಹುದು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಕೆಂಡವಿಟ್ಟುಕೊಂಡ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು ಬಂದರೆ ಅದು ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷ. ಒಡನೆಯೇ ಹೊರಗಿನ ಗಾಳಿಗೆ ಬರಬೇಕು. ಕೀಟನಾಶಕ ಸಿಂಪಡಿಸಿದವರಿಗೆ ತಲೆಸುತ್ತಿನೊಡನೆ ಬೆವರು, ಜೊಲ್ಲು ಸುರಿಯತೊಡಗಿದರೆ, ಔಷಧದ ಬಾಟಲಿಯನ್ನೂ ಜೊತೆಗೊಯ್ದು ಆಸ್ಪತ್ರೆ ಸೇರಬೇಕು. ತಲೆಸುತ್ತು ಹಠಾತ್ತನೆ ಬಂದು ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ ಅದು ಪಾರ್ಶ್ವವಾಯು ಆಗಿರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಅವಧಿ ಮಾತ್ರ. ಬೆಟ್ಟದ ದಾರಿಯಲ್ಲಿ ಅದು ಬೇಗ ಕಳೆದುಹೋಗುತ್ತದೆ. 108ಕ್ಕೆ ಕರೆಮಾಡಲು ಬೆಳಗಾಗಲೆಂದು ಕಾಯಬಾರದು.

ಅಡಿಕೆ ಮರವೇರುವ ಕೊನೆಗಾರರು ತಲೆಸುತ್ತನ್ನು ಮುಚ್ಚಿಡುವುದುಂಟು. ಹೇಳಿದರೆ ಆ ದಿನದ ಕೂಲಿ ಹೋಗುತ್ತದೆ. ಕಾರಣ ತಿಳಿದು ಗುಣವಾಗುವವರೆಗೆ ಅವರನ್ನು ಮರ ಹತ್ತಿಸದೆ, ಅಡಿಕೆ ಸುಲಿಯುವಂಥ ನೆಲದ ಮೇಲಿನ ಕೆಲಸ ಕೊಟ್ಟು ಕೂಲಿ ಉಳಿಸುವುದು ತೋಟದವರ ಕೈಯಲ್ಲಿದೆ.