ಉತ್ತರ ಭಾಗದ ಋಣ

(ಶಾಲೆಯ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಶಾಲೆಯ ವೇದಿಕೆಯ ಮೇಲೆ ನಿಂತು ಮಾತನಾಡುವವರು ವಿದ್ಯೆ, ವಿನಯ, ಶಿಸ್ತು ಮೊದಲಾದ ವಿಷಯಗಳನ್ನು ಆರಿಸಿಕೊಳ್ಳುವುದು ವಾಡಿಕೆ. ನಾವಿಂದು ಆರಿಸಿಕೊಂಡಿರುವ ವಿಷಯವು ಅಷ್ಟು ಗಂಭೀರವಾದುದೆಂದು ತೋರಲಾರದು. ವಿಜ್ಞಾನ ಕಥೆಗಳ ಮತ್ತು ಅತಿಮಾನುಷ ವೀರರ ಹೊಸ ಚಲಚ್ಚಿತ್ರಗಳು, ಅವುಗಳಲ್ಲಿಯೂ ವಿಶೇಷವಾಗಿ ಅವುಗಳ ಎರಡನೆಯ ಮೂರನೆಯ ಭಾಗಗಳು, ಇವುಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಬಂದಿದ್ದೇವೆ. ಈ ಮಾತನ್ನು ಕೇಳಿದೊಡನೆ ಮಕ್ಕಳ ಮುಖಗಳು ಅರಳಿದುದನ್ನೂ, ಕೆಲವು ತಂದೆತಾಯಂದಿರ ಹುಬ್ಬುಗಳು ಗಂಟಿಕ್ಕಿದುದನ್ನೂ ನಾವು ಕಾಣದೆ ಇಲ್ಲ. ಉಭಯತ್ರರೂ ತುಸು ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥಿಸುತ್ತೇವೆ.

ಮೊದಲಿಗೇ ಒಂದು ಮಾತನ್ನು ಒಪ್ಪಿಕೊಳ್ಳುವುದು ಲೇಸು. ನಾವು ಈ ಚಿತ್ರಗಳ ಅಭಿಮಾನಿಗಳು. ದೀಪಗಳು ಆರಿ, ಪರದೆಯ ಮೇಲೆ ಮೊದಲ ಬೆಳಕು ಮೂಡುವಾಗ ನಮ್ಮ ಎದೆಯು ಇಂದಿಗೂ ಹತ್ತು ವರ್ಷದ ಹುಡುಗನ ಎದೆಯಂತೆಯೇ ಬಡಿದುಕೊಳ್ಳುತ್ತದೆ. ಕೆಲವು ಚಿತ್ರಗಳನ್ನು ಮೂರು ಮೂರು ಸಲ ನೋಡಿದ್ದೇವೆ. ಆದುದರಿಂದ ನ್ಯಾಯಾಧೀಶರಂತೆ ದೂರ ಕುಳಿತು ಮಾತನಾಡುವ ಅಧಿಕಾರವು ನಮಗಿಲ್ಲ. ಆದರೆ ಪ್ರೀತಿಸಿದವನಿಗೂ ಪ್ರಶ್ನಿಸುವ ಹಕ್ಕು ಉಂಟು. ಪ್ರೀತಿಸಿದವನಿಗೇ ಆ ಹಕ್ಕು ಹೆಚ್ಚೆಂದು ನಮ್ಮ ನಂಬಿಕೆ. ಕಥೆಯ ಕೊನೆಗಳನ್ನು ಹೇಳದೆ ಈ ಚರ್ಚೆಯು ಸಾಗದು. ಇನ್ನೂ ನೋಡದವರು ನಮ್ಮನ್ನು ಕ್ಷಮಿಸಬೇಕು.

ಕಥೆಯೊಂದು ಮುಗಿದ ಮೇಲೆ "ಮುಂದೇನಾಯಿತು?" ಎಂದು ಕೇಳುವುದು ಮನುಷ್ಯನ ಸಹಜಗುಣ. ಇದು ಇಂದಿನ ವ್ಯಾಪಾರಿಗಳು ಹುಟ್ಟಿಸಿದ ಚಪಲವಲ್ಲ. ಕುಮಾರವ್ಯಾಸನು ಭಾರತವನ್ನು ಹತ್ತು ಪರ್ವಗಳಿಗೆ ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿಯು ಪೂರೈಸಿದನು. ಲಕ್ಷ್ಮೀಶನ ಜೈಮಿನಿ ಭಾರತವಂತೂ ಯುದ್ಧವು ಮುಗಿದ ಮೇಲಿನ ಕಥೆಯೇ ಆಗಿದೆ. ಗೆದ್ದ ಧರ್ಮರಾಯನಿಗೆ ಸಂತೋಷವಿಲ್ಲ. ಬಂಧುಗಳನ್ನು ಕೊಂದ ಪಾಪವು ಅವನನ್ನು ಬಾಧಿಸುತ್ತದೆ. ಆ ಬಾಧೆಯಿಂದಲೇ ಅಶ್ವಮೇಧವು ಹುಟ್ಟುತ್ತದೆ, ಕಾವ್ಯವೂ ಹುಟ್ಟುತ್ತದೆ.

ಇಲ್ಲಿಯೇ ನಮ್ಮ ಅಳತೆಗೋಲು ದೊರೆಯಿತು. ಮೊದಲ ಭಾಗದಲ್ಲಿ ವೀರನು ಗೆಲ್ಲುವನು, ಜಯಘೋಷದೊಡನೆ ತೆರೆಯು ಬೀಳುವುದು. ಆ ಗೆಲುವಿಗೆ ಬೆಲೆಯನ್ನು ತೆತ್ತವರು ಯಾರು, ಸತ್ತವರ ಮನೆಯಲ್ಲಿ ಮರುದಿನ ಏನಾಯಿತು, ಅಧಿಕಾರವು ಕೈಗೆ ಬಂದವನು ಹೇಗೆ ಬದಲಾದನು, ಎಂಬ ಲೆಕ್ಕವು ಬಾಕಿ ಉಳಿಯುವುದು. ಆ ಬಾಕಿಯೇ ಕಥೆಯ ಋಣ. ಒಳ್ಳೆಯ ಉತ್ತರ ಭಾಗವು ಆ ಋಣವನ್ನು ತೀರಿಸುತ್ತದೆ. ಕೆಟ್ಟ ಉತ್ತರ ಭಾಗವು ಹಳೆಯ ಲೆಕ್ಕವನ್ನು ಅಳಿಸಿ, ಹೊಸ ಸಾಲವನ್ನೆತ್ತುತ್ತದೆ.

ಈ ಅಳತೆಗೋಲಿನಿಂದ ನೋಡಿದಾಗ ಇತ್ತೀಚಿನ ಚಿತ್ರಗಳಲ್ಲಿ ನಾವು ಎತ್ತರದ ಸ್ಥಾನವನ್ನು ಕೊಡುವುದು 2024ರಲ್ಲಿ ಬಂದ 'ಡ್ಯೂನ್' ಚಿತ್ರದ ಎರಡನೆಯ ಭಾಗಕ್ಕೆ. ಅಮೆರಿಕದ ಲೇಖಕರಾದ ಫ್ರ್ಯಾಂಕ್ ಹರ್ಬರ್ಟರು 1965ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಕೆನಡಾದ ನಿರ್ದೇಶಕರಾದ ಡೆನಿ ವಿಲ್ನೋವ್ ಅವರು ಎರಡು ಚಿತ್ರಗಳಾಗಿ ಹಂಚಿದರು. ಮೊದಲನೆಯದು 2021ರಲ್ಲಿ ಬಂದಿತ್ತು. ನೀರಿಲ್ಲದ ಅರಾಕಿಸ್ ಎಂಬ ಮರುಭೂಮಿಯ ಗ್ರಹದಲ್ಲಿ, ತಂದೆಯನ್ನು ಕಳೆದುಕೊಂಡ ಪಾಲ್ ಎಂಬ ಯುವಕನು ಫ್ರೆಮೆನ್ ಎಂಬ ಜನರ ಆಶ್ರಯವನ್ನು ಪಡೆಯುತ್ತಾನೆ. ಅವನು ಮೊದಲ ಬಾರಿಗೆ ಮರಳಿನ ಮಹಾಕೀಟವನ್ನು ಏರಿ ಸವಾರಿ ಮಾಡುವ ಸನ್ನಿವೇಶವನ್ನು ನೋಡುವಾಗ ನಾವು ಆಸನದ ಕೈಗಳನ್ನು ಬಿಗಿಹಿಡಿದುಕೊಂಡಿದ್ದೆವೆಂಬುದನ್ನು ಮುಚ್ಚಿಡುವುದಿಲ್ಲ. ದೃಶ್ಯಚಮತ್ಕಾರಕ್ಕೂ ಧ್ವನಿಗೂ ಆ ಚಿತ್ರವು 2025ರಲ್ಲಿ ಆಸ್ಕರ್ ಪ್ರಶಸ್ತಿಗಳನ್ನು ಪಡೆದುದು ಯೋಗ್ಯವೇ ಸರಿ.

ಆದರೆ ನಾವು ಮೆಚ್ಚಿದುದು ಆ ಚಮತ್ಕಾರವನ್ನು ಮಾತ್ರವಲ್ಲ. ತಾನು ನಾಯಕನಾದರೆ ತನ್ನ ಹೆಸರಿನಲ್ಲಿ ಘೋರವಾದ ಯುದ್ಧವು ನಡೆದು ಅಸಂಖ್ಯ ಜನರು ಸಾಯುವರೆಂದು ಪಾಲ್ ಮುಂಚಿತವಾಗಿಯೇ ಕಾಣುತ್ತಾನೆ. ಬಹಳ ಕಾಲ ಹಿಂಜರಿಯುತ್ತಾನೆ. ಕೊನೆಗೆ ಒಪ್ಪುತ್ತಾನೆ, ಗೆಲ್ಲುತ್ತಾನೆ. ಚಕ್ರವರ್ತಿಯೇ ಅವನೆದುರು ಮಂಡಿಯೂರುತ್ತಾನೆ. ಇಂತಹ ಕ್ಷಣದಲ್ಲಿ ಚಪ್ಪಾಳೆ ತಟ್ಟುವುದು ನಮ್ಮ ಅಭ್ಯಾಸ. ಚಿತ್ರವಾದರೋ ಆ ಕ್ಷಣದಲ್ಲಿ ಅವನನ್ನು ಪ್ರೀತಿಸಿದ ಚಾನಿ ಎಂಬ ಫ್ರೆಮೆನ್ ಯುವತಿಯ ಮುಖವನ್ನು ತೋರಿಸುತ್ತದೆ. ಎಲ್ಲರೂ ತಲೆಬಾಗಿದಾಗ ಅವಳೊಬ್ಬಳು ಬಾಗದೆ ಹೊರನಡೆಯುತ್ತಾಳೆ. ಮೂಲ ಕಾದಂಬರಿಯಲ್ಲಿ ಅವಳು ಹೀಗೆ ಅಗಲುವುದಿಲ್ಲ. ಇದು ನಿರ್ದೇಶಕರು ಮಾಡಿದ ಮಾರ್ಪಾಡು. ಹರ್ಬರ್ಟರು 1969ರ ತಮ್ಮ ಮುಂದಿನ ಕಾದಂಬರಿಯಲ್ಲಿ ಹೇಳಿದ ಎಚ್ಚರಿಕೆಯನ್ನು ಈ ಒಂದು ಮುಖವು ಮಾತಿಲ್ಲದೆ ಹೇಳುತ್ತದೆ. ಉದ್ಧಾರಕನೆಂದು ಯಾರನ್ನಾದರೂ ಹೊತ್ತು ಮೆರೆಸುವ ಮೊದಲು ಯೋಚಿಸಿರಿ ಎಂಬುದೇ ಆ ಎಚ್ಚರಿಕೆ. ಚಿಕ್ಕವರೂ ದೊಡ್ಡವರೂ ಕಲಿಯತಕ್ಕ ಪಾಠವಿದು.

ಇನ್ನು ಅತಿಮಾನುಷ ವೀರರ ಮಾತು. 2008ರಲ್ಲಿ 'ಐರನ್ ಮ್ಯಾನ್' ಚಿತ್ರದಿಂದ ಮೊದಲಾದ ಮಾರ್ವೆಲ್ ಚಿತ್ರಮಾಲೆಯು 2019ರ 'ಅವೆಂಜರ್ಸ್: ಎಂಡ್‌ಗೇಮ್' ಹೊತ್ತಿಗೆ 22 ಚಿತ್ರಗಳಷ್ಟು ಬೆಳೆದಿತ್ತು. ಹಿಂದಿನ ವರ್ಷದ ಚಿತ್ರದ ಕೊನೆಯಲ್ಲಿ ಥಾನೋಸ್ ಎಂಬ ದುಷ್ಟನು ಬೆರಳು ಚಿಟಿಕೆ ಹೊಡೆದು ಜಗತ್ತಿನ ಅರ್ಧದಷ್ಟು ಜೀವಿಗಳನ್ನು ಧೂಳಾಗಿ ಮಾಡಿದ್ದನು. ಅವರೆಲ್ಲರೂ ಹಿಂದಿರುಗುವರೆಂದು ಪ್ರತಿಯೊಬ್ಬ ಅಭಿಮಾನಿಗೂ ಗೊತ್ತಿತ್ತು. ಹಿಂದಿರುಗಿದುದೂ ನಿಜ. ಹಾಗಾದರೆ ಋಣವು ತೀರಿದುದೆಲ್ಲಿ? ನೋಡಿರಿ: ಕಥೆಗಾರರು ನಡುವಿನ ಐದು ವರ್ಷಗಳನ್ನು ಅಳಿಸಲಿಲ್ಲ. ಆ ಅವಧಿಯಲ್ಲಿ ಟೋನಿ ಸ್ಟಾರ್ಕನಿಗೆ ಮಗಳೊಬ್ಬಳು ಹುಟ್ಟಿದ್ದಾಳೆ. ಹೋದವರನ್ನು ತರುವುದಾದರೂ ಇರುವವಳನ್ನು ಕಳೆದುಕೊಳ್ಳಲಾರೆನೆಂಬುದು ಅವನ ನಿಬಂಧನೆ. ಕೊನೆಗೆ ಅವನೇ ಪ್ರಾಣವನ್ನು ತೆರುತ್ತಾನೆ, ಮಗಳು ತಂದೆಯಿಲ್ಲದವಳಾಗುತ್ತಾಳೆ. ಲೋಕವು ಉಳಿಯಿತು, ಒಂದು ಮನೆಯ ದೀಪವು ಆರಿತು. ಈ ಲೆಕ್ಕವನ್ನು ಆ ಚಿತ್ರವು ಪ್ರಾಮಾಣಿಕವಾಗಿ ಒಪ್ಪಿಸಿತು.

2021ರ 'ಸ್ಪೈಡರ್-ಮ್ಯಾನ್: ನೋ ವೇ ಹೋಮ್' ನಮಗೆ ಇನ್ನೂ ಪ್ರಿಯವಾದುದು. ಹಳೆಯ ಚಿತ್ರಗಳ ಖಳರೆಲ್ಲರೂ ಒಂದೆಡೆ ಬಂದು ಬಿದ್ದಾಗ, ಅವರನ್ನು ಅವರವರ ಮರಣಕ್ಕೆ ಹಿಂದಟ್ಟುವ ಬದಲು ಅವರ ರೋಗವನ್ನು ಗುಣಪಡಿಸುವೆನೆಂದು ಪೀಟರ್ ಎಂಬ ಹುಡುಗನು ಹೊರಡುತ್ತಾನೆ. ಆ ಕರುಣೆಯ ಬೆಲೆಯಾಗಿ ತಾಯಿಯಂತೆ ಸಾಕಿದ ಅತ್ತೆ ಮೇ ಸಾಯುತ್ತಾಳೆ. ಲೋಕವನ್ನು ಉಳಿಸಲು ಲೋಕದವರೆಲ್ಲರೂ ತನ್ನನ್ನು ಮರೆಯಲೆಂದು ಅವನೇ ಕೇಳಿಕೊಳ್ಳುತ್ತಾನೆ. ಕೊನೆಯಲ್ಲಿ ತಾನು ಪ್ರೀತಿಸಿದ ಹುಡುಗಿಯ ಮುಂದೆ ನಿಂತು, ಹೇಳಬೇಕೆಂದು ಬಂದ ಮಾತನ್ನು ನುಂಗಿಕೊಂಡು, ಸುಮ್ಮನೆ ಹಿಂದಿರುಗುತ್ತಾನೆ. ಕೋಟಿಗಟ್ಟಲೆ ವೆಚ್ಚದ ಕಾಳಗಗಳಿಗಿಂತ ಆ ಮೌನವೇ ನಮ್ಮ ನೆನಪಿನಲ್ಲಿ ಉಳಿದಿದೆ. ಅದೇ ಚಿತ್ರದಲ್ಲಿ, 2014ರ ಚಿತ್ರದಲ್ಲಿ ಗೆಳತಿಯನ್ನು ಬೀಳುವಾಗ ಉಳಿಸಲಾರದೆ ಹೋದ ಇನ್ನೊಬ್ಬ ಪೀಟರನು ಈ ಸಲ ಬೀಳುತ್ತಿರುವ ಹುಡುಗಿಯೊಬ್ಬಳನ್ನು ಹಿಡಿಯುತ್ತಾನೆ. ಹಿಡಿದ ಮೇಲೆ ಅವನ ಕಣ್ಣುಗಳು ತುಂಬುತ್ತವೆ. ಸತ್ತವಳು ಮರಳಿ ಬರಲಿಲ್ಲ. ಆದರೂ ಹಳೆಯ ಗಾಯಕ್ಕೆ ಔಷಧವು ದೊರೆಯಿತು.

ಜೇಮ್ಸ್ ಕ್ಯಾಮರೂನರ 'ಅವತಾರ್' 2009ರಲ್ಲಿ ಬಂದಿತು. ಎರಡನೆಯ ಭಾಗಕ್ಕೆ ನಾವು 2022ರವರೆಗೆ ಕಾಯಬೇಕಾಯಿತು. ಹೆಸರು ನಮ್ಮ ಭಾಷೆಗಳದೇ. ಎರಡನೆಯ ಭಾಗದಲ್ಲಿ ಮನುಷ್ಯರು ಸಮುದ್ರದ ಬುದ್ಧಿವಂತ ಮಹಾಜೀವಿಗಳನ್ನು ಕೊಂದು, ಅವುಗಳ ಮಿದುಳಿನಿಂದ ತೆಗೆಯುವ, ಮುಪ್ಪನ್ನು ತಡೆಯುವ ದ್ರವಕ್ಕೂ 'ಅಮೃತ'ವೆಂದೇ ಹೆಸರಿಟ್ಟಿದ್ದಾರೆ. ಒಬ್ಬರ ಅಮೃತವು ಇನ್ನೊಬ್ಬರ ಮೃತ್ಯುವಾಗುವ ಈ ವಿಪರ್ಯಾಸವನ್ನು ಕನ್ನಡದ ಮಗುವು ಬೇರೆಯವರಿಗಿಂತ ಬೇಗನೆ ಗ್ರಹಿಸಬಲ್ಲುದು. ಮೊದಲ ಭಾಗದಲ್ಲಿ ಗೆದ್ದ ಜೇಕನು ಇಲ್ಲಿ ಹೆಂಡತಿ ಮಕ್ಕಳೊಡನೆ ಓಡಿಹೋಗಿ ಕಡಲತೀರದ ಜನರಲ್ಲಿ ಆಶ್ರಯವನ್ನು ಬೇಡುವವನಾಗುತ್ತಾನೆ. ಹಿರಿಯ ಮಗನನ್ನು ಕಳೆದುಕೊಳ್ಳುತ್ತಾನೆ. 2025ರ ಮೂರನೆಯ ಭಾಗದಲ್ಲಿಯೂ ಆ ಮನೆಯ ಶೋಕವು ಮುಂದುವರಿದಿದೆ. ಅಭಿಮಾನಿಯಾಗಿದ್ದರೂ ಒಂದು ದೋಷವನ್ನು ಹೇಳದಿರಲಾರೆವು. ಮೊದಲ ಭಾಗದಲ್ಲಿ ಸತ್ತ ಸೇನಾನಿಯ ನೆನಪುಗಳನ್ನು ಹೊಸ ದೇಹಕ್ಕೆ ತುಂಬಿ ಅವನನ್ನೇ ಮರಳಿ ತಂದುದು ಸರಿಯಾಗಲಿಲ್ಲ. ಮಗನ ಸಾವು ಸ್ಥಿರ, ಶತ್ರುವಿನ ಸಾವು ಅಸ್ಥಿರ ಎಂದರೆ ಲೆಕ್ಕವು ಹೊಂದುವುದಿಲ್ಲ.

2023ರ 'ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್' ಎಂಬ ಚಿತ್ರಿತ ಸಿನೆಮಾವು ನಮ್ಮ ಅಳತೆಗೋಲನ್ನೇ ಪರೀಕ್ಷೆಗೆ ಒಡ್ಡಿತು. ಭಾರತದಲ್ಲಿ ಅದು ಕನ್ನಡ ಧ್ವನಿಯಲ್ಲಿಯೂ ಬಂದಿತ್ತೆಂಬುದನ್ನು ಇಲ್ಲಿ ನೆನೆಯುವುದು ಉಚಿತ. 'ಚಾಯ್ ಟೀ' ಎಂದವನನ್ನು "ಚಾಯ್ ಎಂದರೇ ಟೀ" ಎಂಬ ಅರ್ಥದಲ್ಲಿ ಗದರಿಸುವ ಪವಿತ್ರ ಪ್ರಭಾಕರನನ್ನು ಮಕ್ಕಳು ಮರೆತಿರಲಾರರು. ಕಥೆಯ ತಿರುಳು ಇದು: ಪ್ರತಿಯೊಬ್ಬ ಸ್ಪೈಡರ್-ಮ್ಯಾನನೂ ತನ್ನವರೊಬ್ಬರನ್ನು ಕಳೆದುಕೊಳ್ಳಲೇಬೇಕು, ಅದು ವಿಧಿ, ತಪ್ಪಿಸಿದರೆ ಲೋಕವೇ ಕುಸಿಯುವುದು ಎಂದು ಹಿರಿಯರು ಮೈಲ್ಸ್ ಎಂಬ ಹುಡುಗನಿಗೆ ಹೇಳುತ್ತಾರೆ. ಸಾಯಬೇಕಾದವನು ಅವನ ತಂದೆ. ಹುಡುಗನು ಒಪ್ಪುವುದಿಲ್ಲ. ನಷ್ಟವನ್ನು ಅಳಿಸಬಾರದೆಂದು ಇಷ್ಟು ಹೊತ್ತು ವಾದಿಸಿದ ನಾವು ಆಗ ಯಾರ ಪಕ್ಷ? ಹುಡುಗನ ಪಕ್ಷವೇ. ಆಗಿಹೋದ ಸಾವನ್ನು ಸುಳ್ಳು ಮಾಡುವುದು ಬೇರೆ. ಬರಲಿರುವ ಸಾವನ್ನು ತಡೆಯಲು ಹೆಣಗುವುದು ಬೇರೆ. ಮೊದಲನೆಯದು ಮೋಸ, ಎರಡನೆಯದು ಧರ್ಮ. ಗ್ವೆನ್ ಎಂಬ ಹುಡುಗಿಯ ತಂದೆಯು ಪೋಲೀಸ್ ಕ್ಯಾಪ್ಟನ್ ಹುದ್ದೆಯನ್ನು ತಾನಾಗಿಯೇ ತೊರೆದಾಗ, ಕ್ಯಾಪ್ಟನನು ಸಾಯಲೇಬೇಕೆಂಬ ವಿಧಿಯು ಅಷ್ಟರಮಟ್ಟಿಗೆ ಸಡಿಲುತ್ತದೆ. ತಂದೆ ಮಗಳ ಮನಸ್ಸು ಬದಲಾದಂತೆ ಸುತ್ತಲಿನ ಬಣ್ಣಗಳೂ ನೀರಿನಲ್ಲಿ ಕದಡಿದಂತೆ ಬದಲಾಗುವ ಆ ದೃಶ್ಯವು ಅತಿ ಸುಂದರ. ಆದರೆ 140 ನಿಮಿಷಗಳ ಮೇಲೆ ಕಥೆಯು ನಡುದಾರಿಯಲ್ಲಿಯೇ ನಿಂತುಬಿಡುತ್ತದೆ. ಮುಂದಿನ ಭಾಗವು 2024ರ ಮಾರ್ಚ್ ತಿಂಗಳಲ್ಲಿ ಬರುವುದೆಂದು ಮೊದಲು ಸಾರಿದ್ದರು. ಆ ವರ್ಷವು ಕಳೆಯಿತು, ಚಿತ್ರವು ಬರಲಿಲ್ಲ. ಅರ್ಧ ಊಟ ಬಡಿಸಿ ಎಲೆಯ ಮುಂದೆ ಕಾಯಿಸುವುದು ಒಳ್ಳೆಯ ಅತಿಥಿಸತ್ಕಾರವಲ್ಲ.

ಸಾಲವನ್ನೇ ಎತ್ತುವ ಚಿತ್ರಗಳೂ ಉಂಟು. 2022ರಲ್ಲಿ ಬಂದ ಡಾಕ್ಟರ್ ಸ್ಟ್ರೇಂಜನ ಎರಡನೆಯ ಚಿತ್ರದಲ್ಲಿ, ಹಿಂದೆ ನಾಯಕಿಯರಲ್ಲೊಬ್ಬಳಾಗಿದ್ದ ವಾಂಡಾ ಏಕಾಏಕಿ ಶತ್ರುವಾಗಿ ನಿಲ್ಲುತ್ತಾಳೆ. ಏಕೆಂಬುದು ಚೆನ್ನಾಗಿ ತಿಳಿಯಬೇಕಾದರೆ ಹಿಂದಿನ ವರ್ಷ ಬೇರೆ ಚಂದಾ ಕಟ್ಟಿ ನೋಡಬೇಕಾದ ಧಾರಾವಾಹಿಯೊಂದನ್ನು ನೋಡಿರಬೇಕು. ಇದು ಕಥೆಯಲ್ಲ, ಮನೆಪಾಠ. 2017ರ 'ಲೋಗನ್' ಚಿತ್ರದಲ್ಲಿ ವುಲ್ವರೀನ್ ಎಂಬ ವೀರನು ಘನತೆಯಿಂದ ಸತ್ತನು. 2024ರಲ್ಲಿ ಬೇರೊಂದು ಲೋಕದಿಂದ ಅವನಂತಹ ಇನ್ನೊಬ್ಬನನ್ನು ತಂದರು, ಮೊದಲಿನವನ ಸಮಾಧಿಯನ್ನು ಅಗೆದು ಹಾಸ್ಯವನ್ನೂ ಮಾಡಿದರು. ಇವೆರಡೂ ವಯಸ್ಕರಿಗೆ ಮಾತ್ರ ಮೀಸಲಾದ ಚಿತ್ರಗಳೆಂಬುದನ್ನು ಪೋಷಕರು ಗಮನಿಸಬೇಕು. ನಾವೂ ನಕ್ಕೆವು, ನಿಜ. ಆದರೆ ಮನೆಗೆ ಬರುವಾಗ ಏನನ್ನೋ ಕಳೆದುಕೊಂಡಂತಾಯಿತು. ಅಸಂಖ್ಯ ಲೋಕಗಳಲ್ಲಿ ಅಸಂಖ್ಯ ವೀರರು ಇರುವುದಾದರೆ, ಒಬ್ಬನಿಗಾಗಿ ಅಳುವ ಕಾರಣವೇನು? ಯಾರೂ ನಿಜವಾಗಿ ಸಾಯದ ಲೋಕದಲ್ಲಿ ಯಾರೂ ನಿಜವಾಗಿ ಬದುಕುವುದೂ ಇಲ್ಲ.

ಪೋಷಕ ಮಹಾಶಯರೇ, ಇಷ್ಟೆಲ್ಲ ಹೇಳಿದುದರ ಉದ್ದೇಶವಿಷ್ಟೆ. ನಿಮ್ಮ ಮಕ್ಕಳು ಈ ಚಿತ್ರಗಳನ್ನು ನೋಡುವರು. ಬೈದರೆ ನಿಲ್ಲಿಸಲಾರರು, ಮುಚ್ಚಿಟ್ಟು ನೋಡುವರು. ಅದಕ್ಕಿಂತ ನೋಡಿ ಬಂದವರನ್ನು ಕುಳ್ಳಿರಿಸಿಕೊಂಡು ಕೇಳಿರಿ: "ಮಗೂ, ಅವನು ಗೆದ್ದನಲ್ಲವೇ? ಅದರ ಬೆಲೆಯನ್ನು ಯಾರು ತೆತ್ತರು?" ಸಾವು, ಅಧಿಕಾರ, ಅಗಲಿಕೆ, ಕರುಣೆ ಮೊದಲಾದವುಗಳನ್ನು ಕುರಿತು ಮಕ್ಕಳೊಡನೆ ಮಾತನಾಡಲು ನಮಗೆ ಸಾಮಾನ್ಯವಾಗಿ ನಾಲಿಗೆಯೇಳುವುದಿಲ್ಲ. ಈ ಪ್ರಶ್ನೆಯು ಆ ಬಾಗಿಲನ್ನು ತೆರೆಯುವುದು.

ವಿದ್ಯಾರ್ಥಿ ಮಿತ್ರರೇ, ನಮ್ಮ ಕಾಸರಗೋಡಿನ ತಾಳಮದ್ದಳೆಗಳಲ್ಲಿ ವಾಲಿಯು ರಾಮನನ್ನು ಮುಖಕ್ಕೆ ಮುಖ ಕೊಟ್ಟು ಪ್ರಶ್ನಿಸುವನು. ಮರೆಯಲ್ಲಿ ನಿಂತು ಬಾಣ ಬಿಟ್ಟುದು ಯಾವ ಧರ್ಮವೆಂದು ಕೇಳುವನು. ಇರುಳೆಲ್ಲ ಕುಳಿತು ಆ ವಾದವನ್ನು ಆಲಿಸಿದ ನಿಮ್ಮ ಅಜ್ಜಂದಿರಿಗೆ ರಾಮನ ಮೇಲಿನ ಭಕ್ತಿಯು ಕಡಮೆಯಾಗಲಿಲ್ಲ. ಅಂತಹ ಪ್ರಶ್ನೆಯನ್ನು ಐರನ್ ಮ್ಯಾನನಿಗೂ ಪಾಲ್‌ನಿಗೂ ಹಾಕಿರಿ, ನಿಮ್ಮ ಕನ್ನಡದಲ್ಲಿಯೇ ಹಾಕಿರಿ. ಎಲ್ಲಿಂದ ಬಂದ ಕಥೆಯಾದರೂ ಅದನ್ನು ತೂಗಿ ನೋಡುವ ತಕ್ಕಡಿಯು ನಮ್ಮ ಮನೆಯಲ್ಲಿಯೇ ಇದೆ. ಜಾಹೀರಾತನ್ನು ನೋಡಿ ಚಪ್ಪಾಳೆ ತಟ್ಟುವವನು ಗಿರಾಕಿ. ಕಥೆಯನ್ನು ತೂಗಿ ಮೆಚ್ಚುವವನು ಅಭಿಮಾನಿ. ನೀವು ಅಭಿಮಾನಿಗಳಾಗಿ ಬೆಳೆಯಿರೆಂದು ಹಾರೈಸುತ್ತೇವೆ.