ಪುಣೆಯ ಬಾಲ್ಕನಿಯಲ್ಲಿ ಚರ್ವಿಲ್ ಸೊಪ್ಪು

ಊರು ಬಿಟ್ಟು ಬಂದ ನಾವೆಲ್ಲ ಯಾವುದಾದ್ರೂ ಒಂದು ಸೊಪ್ಪಿಗೋಸ್ಕರ ಮಾರ್ಕೆಟ್ ಮಾರ್ಕೆಟ್ ಅಲೆದಿರ್ತೀವಿ. ಇವತ್ತು ನಾನು ಹೇಳೋದು ನನಗೆ ಬೇಕಾಗಿದ್ದ ಸೊಪ್ಪಿನ ಕತೆಯಲ್ಲ, ನನ್ನ ಮಗಳಿಗೆ ಬೇಕಾಗಿದ್ದ ಸೊಪ್ಪಿನದು.

ಕೆಲಸದ ಮೇಲೆ ಎರಡೂವರೆ ವರ್ಷ ಫ್ರಾನ್ಸಿನ ಲಿಯೋನ್‌ನಲ್ಲಿದ್ವಿ. ಹೋದಾಗ ಅವಳಿಗೆ 3 ವರ್ಷ. ನಾವು ಆಫೀಸಿಂದ ಬರೋದು ತಡವಾದ್ರೆ ಎದುರು ಮನೆಯ ಅಜ್ಜಿ ನೋಡ್ಕೊಳ್ಳೋರು. ಆಮ್ಲೆಟ್ ಮಾಡಿ, ಮೇಲೆ ಒಂದು ಸೊಪ್ಪನ್ನ ಸಣ್ಣಗೆ ಹೆಚ್ಚಿ ಉದುರಿಸಿ ಕೊಡೋರು. ಪುಣೆಗೆ ವಾಪಸ್ ಬಂದ ಮೇಲೆ ಮಗಳು ಮೊಟ್ಟೆ ಮುಟ್ಟೋದನ್ನೇ ಬಿಟ್ಟಳು. ಕೊತ್ತಂಬರಿ ಹಾಕಿ ಕೊಟ್ವಿ. ‘ಇದಲ್ಲ.’ ಇಲ್ಲಿ ಶೇಪು ಅಂತ ಸಿಗೋ ನಮ್ಮ ಸಬ್ಬಸಿಗೆ ಹಾಕಿದ್ವಿ. ‘ಇದೂ ಅಲ್ಲ.’ ಹೊಸ ಶಾಲೆ, ಹಿಂದಿ ಬರಲ್ಲ, ಮರಾಠಿ ಬರಲ್ಲ. ಮನೆಗೆ ಬಂದು ಮಾತಿಲ್ಲದೆ ಕೂರೋಳು. ಅವಳ ಅಳು ಸೊಪ್ಪಿಗೋಸ್ಕರ ಅಲ್ಲ ಅಂತ ನಮಗೂ ಗೊತ್ತಿತ್ತು. ಆದ್ರೆ ಉಳಿದಿದ್ದನ್ನ ಸರಿಮಾಡೋದು ನನ್ನ ಕೈಲಿರಲಿಲ್ಲ. ಸೊಪ್ಪನ್ನಾದ್ರೂ ಬೆಳೀಬಹುದಲ್ಲ ಅನ್ನಿಸ್ತು.

ವಿಡಿಯೋ ಕಾಲ್‌ನಲ್ಲಿ ಅಜ್ಜಿನೇ ಹೆಸರು ಹೇಳಿದ್ರು. ಇಂಗ್ಲಿಷಲ್ಲಿ ಅದು ಚರ್ವಿಲ್. ಕೊತ್ತಂಬರಿ, ಸಬ್ಬಸಿಗೆ, ಜೀರಿಗೆ, ಕ್ಯಾರೆಟ್ ಎಲ್ಲ ಒಂದೇ ಕುಟುಂಬ, ಇದೂ ಅದರದ್ದೇ. ಎಲೆ ನೋಡೋಕೆ ಎಳೇ ಕ್ಯಾರೆಟ್ ಸೊಪ್ಪಿನ ಥರ, ರುಚಿಯಲ್ಲಿ ಪಾರ್ಸ್ಲಿ ಜೊತೆ ತೆಳ್ಳಗೆ ಸೋಂಪು. ಫ್ರೆಂಚರು ಆಮ್ಲೆಟ್‌ಗೆ ಹಾಕೋ ನಾಲ್ಕು ಸೊಪ್ಪಿನಲ್ಲಿ ಇದೂ ಒಂದು. ಉಳಿದ ಮೂರು ಪಾರ್ಸ್ಲಿ, ಚೈವ್ಸ್, ಟ್ಯಾರಗಾನ್.

ಆನ್‌ಲೈನ್‌ನಲ್ಲಿ ಬೀಜ ತರಿಸಿ ಮಾರ್ಚ್‌ನಲ್ಲಿ ಬಿತ್ತಿದೆ. ಟ್ರೇನಲ್ಲಿ ಸಸಿ ಮಾಡಿ, ಪಶ್ಚಿಮದ ಬಾಲ್ಕನಿಯ ಕುಂಡಗಳಿಗೆ ಕಿತ್ತು ನೆಟ್ಟೆ. ಮುಕ್ಕಾಲು ಪಾಲು ಬಾಡಿ ಹೋದ್ವು. ಉಳಿದ ಮೂರು ಗಿಡ ಒಂದು ಹಿಡಿ ಎಲೆ ಕೊಡೋಕೆ ಮುಂಚೆನೇ ಹೂವಿನ ಕಡ್ಡಿ ಬಿಟ್ವು. ಹಾಸನದಲ್ಲಿರೋ ಅಮ್ಮನಿಗೆ ಫೋನಲ್ಲಿ ಹೇಳಿದ್ರೆ, “ಸಬ್ಬಸಿಗೇನ ಯಾರಾದ್ರೂ ಕಿತ್ತು ನೆಡ್ತಾರೇನೋ? ಬೆಳೆಯೋ ಜಾಗಕ್ಕೇ ಬೀಜ ಚೆಲ್ಲೋದಪ್ಪ” ಅಂತ ಬೈದ್ರು. ಅಮ್ಮ ಚರ್ವಿಲ್ ಹೆಸರನ್ನೇ ಕೇಳಿರಲಿಲ್ಲ, ಆದ್ರೆ ಹೇಳಿದ್ದು ಸರಿಯಾಗಿತ್ತು. ಇದಕ್ಕೂ ಉದ್ದದ ತಾಯಿಬೇರು, ಅಲುಗಾಡಿಸಿದ್ರೆ ಸಹಿಸಲ್ಲ. ಸೆಕೆ ತಾಗಿದ್ರೆ ತಕ್ಷಣ ಹೂವಿಗೆ ಹೋಗುತ್ತೆ.

ಮತ್ತೆ ಹೊಸ ಬೀಜ ತರಿಸಿ ಬಿತ್ತಿದ್ದು ನವೆಂಬರ್ ಮೊದಲ ವಾರ. ಅಷ್ಟರಲ್ಲಿ ಮಗಳಿಗೆ ಒಬ್ಬಳು ಗೆಳತಿ ಸಿಕ್ಕಿದ್ದಳು, ಮರಾಠಿ ಬರ್ತಿತ್ತು, ಸೊಪ್ಪು ಕೇಳೋದನ್ನ ಬಿಟ್ಟಿದ್ದಳು. ನಾನೇ ಬಿಟ್ಟಿರಲಿಲ್ಲ. 10 ಇಂಚು ಆಳದ ಕುಂಡ, ಮಣ್ಣಿಗೆ ಎರೆಗೊಬ್ಬರ, ಬೆಳಗಿನ ಎಳೆ ಬಿಸಿಲು ಮಾತ್ರ ಬೀಳೋ ಪೂರ್ವದ ಕಿಟಕಿ. ಬೀಜ ಚೆಲ್ಲಿ, ಮೇಲೆ ಕಾಣೋದೋ ಇಲ್ವೋ ಅನ್ನೋಷ್ಟು ತೆಳ್ಳಗೆ ಮಣ್ಣು ಉದುರಿಸಿದೆ. ಬೆಳಕು ತಾಗಿದ್ರೆ ಚೆನ್ನಾಗಿ ಮೊಳೆಯುತ್ತೆ. ಮೊಳಕೆ ಬರೋಕೆ ಎರಡು ವಾರ ಬೇಕಾಯ್ತು. ಅಲ್ಲಿವರೆಗೆ ಮಣ್ಣು ಒಣಗಬಾರದು, ಹಾಗಂತ ನೀರೂ ನಿಲ್ಲಬಾರದು. ಎರಡೆರಡು ವಾರಕ್ಕೆ ಇನ್ನೊಂದು ಕುಂಡಕ್ಕೆ ಬಿತ್ತಿದೆ. ಒಂದೇ ಸಲ ಬಿತ್ತಿದ್ರೆ ಒಂದೇ ಸಲ ಮುಗಿದುಹೋಗುತ್ತೆ.

ಏಳನೇ ವಾರಕ್ಕೆ ಸೊಪ್ಪು ಕೈಗೆ ಸಿಕ್ತು. ಕೊಯ್ಯೋವಾಗ ಹೊರಗಿನ ದಂಟುಗಳನ್ನ ಬುಡದ ಹತ್ತಿರ ಕತ್ತರಿಯಿಂದ ಕತ್ತರಿಸಿ, ಮಧ್ಯದ ಸುಳಿ ಮುಟ್ಟಬೇಡಿ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬೇಡಿ. ಹೂವಿನ ಕಡ್ಡಿ ಕಂಡ ಕೂಡಲೇ ಚಿವುಟಿ. ಒಣಗಿಸಿಟ್ರೆ ಪರಿಮಳ ಉಳಿಯಲ್ಲ. ಹೆಚ್ಚಿ ಬೆಣ್ಣೆ ಜೊತೆ ಕಲಸಿ ಫ್ರೀಜರ್‌ನಲ್ಲಿಡಿ. ಒಲೆ ಆರಿಸಿದ ಮೇಲೇ ಹಾಕಬೇಕು, ಒಗ್ಗರಣೆಗಂತೂ ಬೇಡವೇ ಬೇಡ. ಇನ್ನೊಂದು ಮಾತು, ಯುರೋಪಿಗೆ ಹೋದವರು ರಸ್ತೆ ಬದಿ ಇಂಥ ಗಿಡ ಕಂಡ್ರೆ ಕೀಳಬೇಡಿ. ಹೆಮ್ಲಾಕ್ ಅನ್ನೋ ವಿಷದ ಗಿಡವೂ ಹೆಚ್ಚುಕಮ್ಮಿ ಹೀಗೇ ಕಾಣುತ್ತೆ.

ಆವತ್ತು ಭಾನುವಾರ. ಏನೂ ಹೇಳದೆ ತಟ್ಟೆ ಮುಂದಿಟ್ಟೆ. ಒಂದು ತುತ್ತು ತಿಂದು ಸ್ವಲ್ಪ ಹೊತ್ತು ಸುಮ್ಮನಿದ್ಲು. “ಅಜ್ಜಿ ಬೆಣ್ಣೆ ಜಾಸ್ತಿ ಹಾಕ್ತಿದ್ರು ಅಪ್ಪಾ” ಅಂದ್ಲು. ಆಮೇಲೆ ಇನ್ನೊಂದು ಕೇಳಿದ್ಲು.

ಫೆಬ್ರವರಿಯಲ್ಲಿ ಒಂದು ಕುಂಡವನ್ನ ಹೂವಿಗೆ ಬಿಟ್ವಿ. ಸಣ್ಣ ಬಿಳಿ ಹೂವು, ಆಮೇಲೆ ಸೂಜಿ ಥರದ ಕಪ್ಪು ಬೀಜ. ಮಗಳು ಅದನ್ನ ಡಬ್ಬಿಗೆ ತುಂಬಿ, ಮೇಲೆ ಕನ್ನಡದಲ್ಲಿ ‘ಅಜ್ಜಿ ಸೊಪ್ಪು’ ಅಂತ ಬರೆದಿದ್ದಾಳೆ. ಯುಗಾದಿಗೆ ಬಂದ ನಮ್ಮಮ್ಮ ಅದನ್ನ ನೋಡಿ ತನ್ನದೇ ಹೆಸರು ಅಂದ್ಕೊಂಡಿದ್ದಾರೆ. ನಾವ್ಯಾರೂ ತಿದ್ದೋಕೆ ಹೋಗಿಲ್ಲ.

ಈ ಬೀಜ ಹಳೇದಾದ್ರೆ ಮೊಳೆಯಲ್ಲ, ಒಂದು ವರ್ಷದೊಳಗೆ ಬಿತ್ತಬೇಕು. ಪುಣೆಯಲ್ಲಿರೋರು ಬೇಕಿದ್ರೆ ಕೇಳಿ, ಒಂದೊಂದು ಚಿಟಿಕೆ ಕೊಡ್ತೀನಿ. ಚೆನ್ನೈನವರೇ, ನಿಮ್ಮ ಸೆಕೆಗೆ ಇದು ಕಷ್ಟ. ನೀವು ಸಬ್ಬಸಿಗೇನೇ ಹಾಕಿ.