ಒಂದು ಹಾಳೆಯ ಪಾಠ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ವಾಸ್ತುಶಿಲ್ಪದ ಕಾಲೇಜಿನಲ್ಲಿ ಏನು ಕಲಿಸುತ್ತಾರೆ ಎಂದು ಮಕ್ಕಳಿಗೆ ತಿಳಿಸಿ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. ಐದು ವರ್ಷದ ಓದನ್ನು ಹತ್ತು ನಿಮಿಷದಲ್ಲಿ ಹೇಳಲಾಗದು. ಮೊದಲ ಸೆಮಿಸ್ಟರಿನಲ್ಲಿ ಮಾಡಿದ ಒಂದು ಮಾದರಿಯ ಬಗ್ಗೆ ಮಾತ್ರ ಹೇಳುತ್ತೇನೆ.

ನಮಗೆ ಕೊಟ್ಟಿದ್ದು ಒಂದು ದಪ್ಪ ಹಾಳೆ. ಕತ್ತರಿಸುವಂತಿಲ್ಲ, ಅಂಟಿಸುವಂತಿಲ್ಲ, ಮಡಚಬಹುದು ಅಷ್ಟೆ. ಮಡಚಿದ್ದು ಹಕ್ಕಿಯಂತೆಯೋ ಹೂವಿನಂತೆಯೋ ಮನೆಯಂತೆಯೋ ಕಾಣಬಾರದು, ಅಮೂರ್ತವಾಗಿರಬೇಕು. ಜರ್ಮನಿಯ ಬೌಹೌಸ್ ಎಂಬ ಕಲಾಶಾಲೆಯಲ್ಲಿ ಜೋಸೆಫ್ ಆಲ್ಬರ್ಸ್ ಎಂಬ ಮೇಷ್ಟ್ರು 1920ರ ದಶಕದಲ್ಲೇ ಹೊಸ ವಿದ್ಯಾರ್ಥಿಗಳಿಂದ ಕಾಗದ ಮಡಚಿಸುತ್ತಿದ್ದರು.

ಆಗ ನಾನು ಕೋರ್ಸು ಬಿಟ್ಟು ಊರಿಗೆ ಬರುವ ಯೋಚನೆಯಲ್ಲಿದ್ದೆ. ಕನ್ನಡ ಮಾಧ್ಯಮದಿಂದ ಹೋದ ನನಗೆ ಅಲ್ಲಿ ಪಾಠವೂ ಇಂಗ್ಲಿಷ್, ಹರಟೆಯೂ ಇಂಗ್ಲಿಷ್. ಮಾದರಿಗಳ ಸಾಮಾನಿನ ಖರ್ಚು ಮನೆಗೆ ಭಾರ. ಎಲ್ಲರಿಗೂ ಒಂದೇ ಹಾಳೆ ಎಂಬ ನಿಯಮ ಕೇಳಿ ಸಮಾಧಾನವಾಯಿತು.

ಇಂಕು ಮುಗಿದ ಬಾಲ್‌ಪೆನ್ನು, ಸ್ಟೀಲ್ ಸ್ಕೇಲು ಹಿಡಿದು ಗೆರೆ ಒತ್ತಿದೆ. ಉದ್ದಕ್ಕೆ ನೇರ ಗೆರೆ, ಅಡ್ಡಕ್ಕೆ ಅಂಕುಡೊಂಕು ಗೆರೆ, ನಡುವೆ ಸಾಲುಸಾಲು ಸಮಾಂತರ ಚತುರ್ಭುಜಗಳು. ನಾಲ್ಕು ಮಡಿಕೆ ಸೇರುವ ಕಡೆ ಒಂದು ಲೆಕ್ಕವಿದೆ. ಎದುರುಬದುರು ಕೋನಗಳ ಮೊತ್ತ 180 ಡಿಗ್ರಿ ಆಗದಿದ್ದರೆ ಹಾಳೆ ಚಪ್ಪಟೆಯಾಗಿ ಮುಚ್ಚಿಕೊಳ್ಳುವುದಿಲ್ಲ. ಮಕ್ಕಳೇ, ಚಕ್ರೀಯ ಚತುರ್ಭುಜದ ಪಾಠದಲ್ಲಿ ಇದೇ ಮೊತ್ತ ಬರುತ್ತದೆ. ಇದೇ ಶಾಲೆಯ ಕಪ್ಪು ಹಲಗೆಯ ಮೇಲೆ ಕಂಡ ರೇಖಾಗಣಿತ ಅಲ್ಲಿ ನನ್ನ ಬೆರಳಿಗೆ ಬಂತು.

ಎರಡು ಮೂಲೆ ಹಿಡಿದು ಎಳೆದರೆ ಆ ಮಾದರಿ ಒಮ್ಮೆಲೇ ಬಿಚ್ಚಿಕೊಳ್ಳುತ್ತಿತ್ತು, ತಳ್ಳಿದರೆ ಅಂಗೈಯಗಲವಾಗುತ್ತಿತ್ತು. ಇದು ಜಪಾನಿನ ಕೊರ್ಯೊ ಮಿಯುರಾ ಅವರ ಹೆಸರಿನ ಮಡಿಕೆ. 1995ರಲ್ಲಿ ಜಪಾನ್ ಹಾರಿಸಿದ ಉಪಗ್ರಹವೊಂದರಲ್ಲಿ ಸೌರಫಲಕವನ್ನು ಹೀಗೆ ಮಡಚಿ ಕಳುಹಿಸಿ, ಬಾಹ್ಯಾಕಾಶದಲ್ಲಿ ಬಿಡಿಸಿದರು.

ಮೌಲ್ಯಮಾಪನದ ದಿನ ವಿವರಿಸಲು ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಮಾದರಿಯನ್ನು ಬಿಚ್ಚಿ, ಮುಚ್ಚಿ ತೋರಿಸಿದೆ. ಆಮೇಲೆ ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಒಂದು ಸಾದಾ ಹಾಳೆ ಇಟ್ಟೆ. ಬಗ್ಗಿ ಬಿತ್ತು. ಅದನ್ನೇ ಬೀಸಣಿಗೆಯಂತೆ ಮಡಚಿ ಇಟ್ಟು, ಮೇಲೆ ಕಂಪಾಸ್ ಬಾಕ್ಸ್ ಇಟ್ಟೆ. ನಿಂತಿತು. ಎದುರಿಗಿದ್ದ ಹಿರಿಯ ವಾಸ್ತುಶಿಲ್ಪಿಯೊಬ್ಬರು ಕನ್ನಡದಲ್ಲೇ ಕೇಳಿದರು: "ಯಾಕೆ ನಿಂತಿತು, ಹೇಳಿ?"

"ಹಾಳೆಯ ತೂಕ ಅಷ್ಟೇ ಇದೆ ಸರ್. ಮಡಚಿದ್ದರಿಂದ ಅದಕ್ಕೆ ಎತ್ತರ ಬಂದಿದೆ. ಎತ್ತರ ಬಂದದ್ದು ಬೇಗ ಬಗ್ಗಲ್ಲ. ನಮ್ಮ ಕೊಟ್ಟಿಗೆಯ ತಗಡೂ ಹೀಗೇ," ಎಂದೆ.

ಅವರು ತಲೆಯಾಡಿಸಿದರು. ಕೋರ್ಸು ಬಿಡುವ ಯೋಚನೆ ಅಂದೇ ಹೋಯಿತು.

1958ರಲ್ಲಿ ಉದ್ಘಾಟನೆಯಾದ ಪ್ಯಾರಿಸ್ಸಿನ ಯುನೆಸ್ಕೊ ಕೇಂದ್ರದ ಸಭಾಭವನದಲ್ಲಿ ಕಾಂಕ್ರೀಟಿನ ಗೋಡೆ, ಚಾವಣಿ ಇದೇ ರೀತಿ ನೆರಿಗೆ ನೆರಿಗೆಯಾಗಿ ನಿಂತಿವೆ. ನಮ್ಮೂರಿನಲ್ಲೂ ಸೀರೆಗೆ ನೆರಿಗೆ ಹಿಡಿಯುವ ಅಮ್ಮಂದಿರಿಗೆ, ಮುತ್ತುಗದ ಎಲೆಯಲ್ಲಿ ದೊನ್ನೆ ಮಾಡುವ ಅಜ್ಜಿಯರಿಗೆ, ಮಳೆನೀರಿನಲ್ಲಿ ಕಾಗದದ ದೋಣಿ ಬಿಡುವ ಮಕ್ಕಳಿಗೆ ಮಡಿಕೆ ಗೊತ್ತು. ದೊಡ್ಡ ಕಾಲೇಜಿಗೆ ಹೋಗುವಾಗ ನಾವು ಬರಿಗೈಯಲ್ಲಿ ಹೋಗುವುದಿಲ್ಲ.

ಗುರುಗಳಲ್ಲಿ ನನ್ನದೊಂದು ವಿನಂತಿ. ಪರೀಕ್ಷೆ ಹತ್ತಿರ ಬಂತೆಂದು ಚಿತ್ರಕಲೆ, ಕೈಕೆಲಸದ ಪಿರಿಯಡ್ಡುಗಳನ್ನು ಬೇರೆ ಪಾಠಕ್ಕೆ ತೆಗೆದುಕೊಳ್ಳಬೇಡಿ. ಪೋಷಕರೇ, ಕನ್ನಡ ಮಾಧ್ಯಮದವರಿಗೆ ಇಂಥ ಓದು ಆಗದು ಎಂದು ಮಕ್ಕಳನ್ನು ತಡೆಯಬೇಡಿ. ಮಕ್ಕಳೇ, ಈ ಓದಿಗೆ ಬರುವ ಆಸೆಯಿದ್ದರೆ ಪಿಯುಸಿಯಲ್ಲಿ ಗಣಿತ ಬಿಡಬೇಡಿ, ನಾಟಾ ಪರೀಕ್ಷೆಗೆ ತಯಾರಾಗಿ. ಗುರುಗಳು ಒಪ್ಪಿದರೆ ವರ್ಷಕ್ಕೊಂದು ಶನಿವಾರ ನಾನೇ ಶಾಲೆಗೆ ಬರುತ್ತೇನೆ. ಹಾಳೆ ನಾನು ತರುತ್ತೇನೆ, ಇಂಕು ಮುಗಿದ ಪೆನ್ನುಗಳನ್ನು ನೀವು ಕೂಡಿಸಿಡಿ.